ಹಗೆಯವನ ಜೊತೆ ಬಲವಂತದ ಮದುವೆ: ಕೊಡಗಿನ ಕಥೆಗೆ ಯಾವ ರಾಜನ ಕಾಲ ಸರಿ?

ಗದ್ದೆಬದು
ನಮಸ್ಕಾರ ಎಲ್ಲರಿಗೂ. ಒಂದು ಆ್ಯಪ್‌ನಲ್ಲಿ ಧಾರಾವಾಹಿ ಬರೆಯುತ್ತಿದ್ದೇನೆ. ಹಳೇ ಕಾಲದ ಪ್ರೇಮಕಥೆ, ಆದರೆ ಕತ್ತಲೆ ಜಾಸ್ತಿ. ಹುಡುಗಿಯ ಒಕ್ಕದ (ಮನೆತನದ) ಗಂಡಸರನ್ನೆಲ್ಲ ರಾಜನ ಅಪ್ಪಣೆ ಮೇಲೆ ಒಂದೇ ರಾತ್ರಿ ಮುಗಿಸಿದ್ದಾರೆ. ಕೊಲ್ಲಲು ಬಂದ ತಂಡದ ಮುಂದಾಳು ಪಕ್ಕದ ನಾಡಿನ ಹುಡುಗ. ಎರಡು ಮನೆಗೂ ಗದ್ದೆ ನೀರಿನ ಜಗಳ ಮೊದಲಿಂದಲೂ ಇತ್ತು. ಈಗ ರಾಜ ಅದೇ ಹುಡುಗನಿಗೆ "ಇವಳನ್ನು ಮದುವೆಯಾಗು" ಅನ್ನುತ್ತಾನೆ. ಇಬ್ಬರಿಗೂ ಇಷ್ಟ ಇಲ್ಲ. ಆಗಲ್ಲ ಅಂದರೆ ತಲೆ ಉಳಿಯಲ್ಲ.

ಲಿಂಗರಾಜನ ಕಾಲ (1811ರಿಂದ 1820) ಇಟ್ಟುಕೊಳ್ಳಲೋ, ಚಿಕ್ಕವೀರರಾಜನ ಕಾಲ (1820ರಿಂದ 1834) ಇಟ್ಟುಕೊಳ್ಳಲೋ? ಇನ್ನೊಂದು, ಓದುವವರು "ಯಾವಾಗ ಲವ್ ಆಗುತ್ತೆ" ಅಂತ ದಿನಾ ಕೇಳುತ್ತಿದ್ದಾರೆ. ಅಣ್ಣಂದಿರನ್ನು ಕಡಿದವನ ಮೇಲೆ ಹುಡುಗಿಗೆ ಹೇಗೆ ಮನಸ್ಸು ಬರಬೇಕು? ಸುಮ್ನೆ ಹೊಗಳಬೇಡಿ, ತಪ್ಪಿದ್ದರೆ ಬೈಯಿರಿ.

ಏಲಕ್ಕಿ
ದಯವಿಟ್ಟು ಬಲವಂತವಾಗಿ ತಾಳಿ ಕಟ್ಟುವ ಸೀನ್ ಮಾತ್ರ ಬೇಡ. ಕೈ ಮುಗಿಯುತ್ತೇನೆ.

ಕಕ್ಕಬ್ಬೆಯವಳು
ಏಲಕ್ಕಿ, ಬೇಕು ಅಂದರೂ ಬರೆಯಲು ಆಗಲ್ಲ. ಕೊಡವ ಮದುವೆಯಲ್ಲಿ ಗಂಡು ತಾಳಿ ಕಟ್ಟುವುದೇ ಇಲ್ಲ. ಪತ್ತಾಕ್ (ತಾಳಿಯ ಬದಲಿಗಿರುವ ಸರ) ಹಾಕುವುದು ಹೆಣ್ಣಿನ ತಾಯಿ, ತನ್ನ ಮನೆಯಲ್ಲೇ. ಪುರೋಹಿತರಿಲ್ಲ, ಹೋಮ ಇಲ್ಲ, ಸಪ್ತಪದಿ ಇಲ್ಲ. ದೀಪದ ಮುಂದೆ ಹುಡುಗಿ ಮುಕ್ಕಾಲಿ ಮೇಲೆ ಕೂರುತ್ತಾಳೆ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿಯಿರುವ ಚೊಂಬಿನಿಂದ) ಹಾಲು ಕುಡಿಸಿ, ಕೈಗೆ ಕಾಸು ಇಟ್ಟು ಹರಸುತ್ತಾರೆ. ಟಿವಿ ಸೀರಿಯಲ್‌ನವರು ನಮ್ಮ ಕುಪ್ಪಸ ತೊಡಿಸಿ, ಅದರ ಮೇಲೆ ಬೇರೆ ಕಡೆಯ ಮದುವೆ ಮಾಡಿಸಿಬಿಡುತ್ತಾರೆ.

ಗದ್ದೆಬದು ಅವರೇ, ಇದನ್ನು ಕಷ್ಟ ಅಂದುಕೊಳ್ಳಬೇಡಿ. ಹುಡುಗಿಯ ತಾಯಿ ಬದುಕಿದ್ದಾಳಾ? ಇದ್ದರೆ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡವಳು ತನ್ನ ಕೈಯಾರೆ ಮಗಳಿಗೆ ಪತ್ತಾಕ್ ಹಾಕಬೇಕು, ಬಾಗಿಲಲ್ಲಿ ರಾಜನ ಆಳು ನಿಂತಿರುತ್ತಾನೆ. ತಾಳಿ ಸೀನ್ ಇದರ ಹತ್ತಿರಕ್ಕೂ ಬರಲ್ಲ.

ಗದ್ದೆಬದು
ಅಕ್ಕಾ, ಇದು ಬೇಕಿತ್ತು. ತಾಯಿ ಇದ್ದಾಳೆ. ಇಲ್ಲಿವರೆಗೆ ಅವಳು ಅಳುವುದು ಬಿಟ್ಟು ಏನೂ ಮಾಡಿರಲಿಲ್ಲ.

ಹಾರಂಗಿ
ಕಾಲದ ವಿಷಯಕ್ಕೆ ಬರುತ್ತೇನೆ. ನನ್ನ ವೋಟು ಚಿಕ್ಕವೀರರಾಜನಿಗೆ. ಅವನ ಸ್ವಂತ ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸವ, ಇಬ್ಬರೂ 1832ರಲ್ಲಿ ಜೀವ ಉಳಿಸಿಕೊಳ್ಳಲು ಮೈಸೂರಿಗೆ ಓಡಿಹೋಗಿ ಬ್ರಿಟಿಷ್ ರೆಸಿಡೆಂಟನ ಆಸರೆ ಕೇಳಿದರು. ಮನೆಯವರೇ ನಂಬದ ರಾಜ. ಯಾರು ಯಾರ ಕಿವಿ, ಯಾರು ಯಾರ ಕಣ್ಣು ಅಂತ ಗೊತ್ತಾಗದ ಅರಮನೆ. ನಿಮ್ಮ ಕಥೆಗೆ ಬೇಕಾದ ಭಯ ಅಲ್ಲಿ ರೆಡಿ ಇದೆ.

ಜಾಗಕ್ಕೆ ನಾಲ್ಕುನಾಡು ಅರಮನೆ ಬಿಡಬೇಡಿ. ಇವರಿಗೂ ಹಿಂದಿನ ರಾಜ ದೊಡ್ಡ ವೀರರಾಜೇಂದ್ರ 1792ರಿಂದ 1794ರಲ್ಲಿ ಕಟ್ಟಿಸಿದ್ದು, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. 1796ರಲ್ಲಿ ಮಹಾದೇವಮ್ಮಾಜಿಯನ್ನು ಅವನು ಮದುವೆಯಾದದ್ದು ಅಲ್ಲೇ. ಚಿಕ್ಕವೀರರಾಜ 1834ರಲ್ಲಿ ಅಡಗಿ ಕೂತದ್ದೂ ಅಲ್ಲೇ. ಮದುವೆಗೂ ಅಡಗುವುದಕ್ಕೂ ಒಂದೇ ಮನೆ!

ಮೂರ್ನಾಡು ಮಾವ
ಟಿಪ್ಪು ಕಾಲಕ್ಕೆ ಇಟ್ಟರೆ ಇನ್ನೂ ಜೋರಾಗಿರುತ್ತೆ. ಹಗೆ ಅಂದರೆ ಅದು.

ರಾತ್ರಿಪಾಳಿ
ಮಾವ, ಶುರು ಮಾಡಿದಿರಾ?

ನಿರ್ವಾಹಕರು
ಟಿಪ್ಪು ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಆಗಲೇ ಸಾಕಷ್ಟು ಜಗಳ ನಡೆದಿದೆ. ಇಲ್ಲಿ ಕಥೆ ಮಾತ್ರ. ಇದರ ಕೆಳಗೆ ಬಂದ ಕೆಲವು ಉತ್ತರ ತೆಗೆದಿದ್ದೇನೆ.

ಸೋಮವಾರಪೇಟೆ ಟೀಚರ್
ಚಿಕ್ಕವೀರರಾಜನನ್ನು ರಾಕ್ಷಸ ಮಾಡುವ ಮೊದಲು ಒಂದು ಮಾತು. ಅವನ ಕ್ರೌರ್ಯದ ಕಥೆಗಳಲ್ಲಿ ಬಹಳಷ್ಟು ನಮಗೆ ಬಂದದ್ದು ರಾಜ್ಯ ಕಿತ್ತುಕೊಂಡವರ ಬರಹದಿಂದ. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಕೊಡಗಿನ ಬಗ್ಗೆ ಪುಸ್ತಕ ತಂದದ್ದು 1855ರಲ್ಲಿ, ರಾಜ ಹೋಗಿ ಇಪ್ಪತ್ತು ವರ್ಷ ಕಳೆದ ಮೇಲೆ. ರಾಜ ಎಷ್ಟು ಕೆಟ್ಟವನಾದರೆ ಈಸ್ಟ್ ಇಂಡಿಯಾ ಕಂಪನಿ ಅಷ್ಟು ಒಳ್ಳೆಯದಾಗುತ್ತಿತ್ತು.

ಹಾಗಂತ ಅರಮನೆ ಕಡೆಯ ಬರಹ ಹಾಲಿನಷ್ಟು ಬಿಳಿ ಅಂತ ಅಲ್ಲ. ಅರಮನೆಯ ಚರಿತ್ರೆ ರಾಜೇಂದ್ರನಾಮೆ ಬರೆಸಿದ್ದು ದೊಡ್ಡ ವೀರರಾಜೇಂದ್ರ. ದುಡ್ಡು ಕೊಟ್ಟವನನ್ನು ಹೊಗಳದೆ ಇನ್ನೇನು?

ಹಾರಂಗಿ
ಟೀಚರ್, ಒಪ್ಪಿದೆ. ಆದರೆ ತಂಗಿ ಓಡಿಹೋದದ್ದು ಬ್ರಿಟಿಷರ ಕಟ್ಟುಕಥೆ ಅಲ್ಲವಲ್ಲ.

ಸೋಮವಾರಪೇಟೆ ಟೀಚರ್
ಅಲ್ಲ. ಅವಳು ಓಡಿಹೋದದ್ದರಿಂದ ಲಾಭ ಆದದ್ದು ಯಾರಿಗೆ ಅಂತಲೂ ನೋಡಿ ಅಂದೆ, ಅಷ್ಟೇ.

ಪುತ್ತರಿ ಪಟಾಕಿ
ನನ್ನದು ಬೇರೆ ತಕರಾರು. ಇದನ್ನು ಪ್ರೇಮಕಥೆ ಅಂತ ಯಾಕೆ ಕರೀಬೇಕು? ಕೊಂದವನು, ಮೇಲೆ ಗಂಡ, ಅವನ ಹಿಂದೆ ರಾಜನ ಬಲ. ಅವಳಿಗೆ "ಬೇಡ" ಅನ್ನುವ ದಾರಿಯೇ ಇಲ್ಲ. ಅಂಥವಳು ಒಂದು ದಿನ "ಬೇಕು" ಅಂದರೆ ಅದಕ್ಕೆ ಏನು ಬೆಲೆ? ಈ ಥರದ ಕಥೆಗಳಲ್ಲಿ ಹೀರೋ ಎತ್ತರ, ಕಣ್ಣು ಚೂಪು, ಎದೆ ಅಗಲ. ಅಷ್ಟಕ್ಕೇ ಹುಡುಗಿ ಅಣ್ಣಂದಿರನ್ನು ಮರೆತುಬಿಡುತ್ತಾಳೆ. ಓದಿ ಓದಿ ಸಾಕಾಗಿದೆ.

ರಾತ್ರಿಪಾಳಿ
ಡಾರ್ಕ್ ಅಂತ ಹೇಳಿಯೇ ಬರೆಯುತ್ತಾರೆ. ಬೇಡದವರು ಓದಬೇಡಿ. ಕಥೆ ಓದಿದ ಕೂಡಲೇ ಯಾರೂ ಕೊಲೆಗಾರನನ್ನು ಮದುವೆಯಾಗಲು ಹೊರಡುವುದಿಲ್ಲ.

ಪುತ್ತರಿ ಪಟಾಕಿ
ಬೇಡದವರು ಓದಬೇಡಿ ಅನ್ನೋದು ಉತ್ತರ ಅಲ್ಲ. ಕತ್ತಲೆ ಬರೆಯಿರಿ, ನನಗೂ ಇಷ್ಟ. ಕತ್ತಲೆಯನ್ನು ಬೆಳಕು ಅಂತ ಮಾರಬೇಡಿ ಅಂತಷ್ಟೇ ನಾನು ಹೇಳಿದ್ದು.

ಕೋವಿ ತಾತ
ಮಕ್ಕಳೇ, ನೀವೆಲ್ಲ ಹುಡುಗಿ ಗಂಡನ ಮನೆಗೆ ಹೋಗುತ್ತಾಳೆ ಅಂತಲೇ ಲೆಕ್ಕ ಹಾಕಿದ್ದೀರಿ. ಯಾಕೆ? ಗಂಡಸರೆಲ್ಲ ಸತ್ತ ಮನೆ ಅಂತ ಬರೆಯುವವಳೇ ಹೇಳಿದ್ದಾಳಲ್ಲ. ಅಂಥ ಮನೆ ಅಳಿಯದಿರಲಿ ಅಂತ ನಮ್ಮಲ್ಲಿ ಒಂದು ದಾರಿ ಇದೆ. ಒಕ್ಕಪರಿಜೆ. ಗಂಡು ತನ್ನ ಒಕ್ಕ ಬಿಟ್ಟು ಹೆಣ್ಣಿನ ಒಕ್ಕಕ್ಕೆ ಸೇರುತ್ತಾನೆ. ಮನೆ ಹೆಸರು ಅವಳದ್ದು. ಮಕ್ಕಳು ಅವಳ ಒಕ್ಕದವರು. ಇದಕ್ಕಿಂತ ಸಡಿಲವಾದದ್ದು ಮಕ್ಕಪರಿಜೆ. ಅದರಲ್ಲಿ ಗಂಡಸು ತನ್ನ ಒಕ್ಕದವನಾಗೇ ಇರುತ್ತಾನೆ, ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ.

ಈಗ ನಿಮ್ಮ ಕಥೆಯನ್ನು ತಿರುಗಿಸಿ ನೋಡಿ. ರಾಜ ಹುಡುಗನಿಗೆ ಏನು ಹೇಳುತ್ತಾನೆ? "ಆ ಒಕ್ಕ ಮುಗಿಸಿದವನು ನೀನು. ಹೋಗಿ ಅದನ್ನು ನಿಲ್ಲಿಸು." ಅವನ ಮನೆ ಹೆಸರು ಹೋಯಿತು. ಅಪ್ಪನ ಗದ್ದೆಯ ಪಾಲು ಹೋಯಿತು. ಯಾವ ಐನ್‌ಮನೆಯ (ಒಕ್ಕದ ಮೂಲಮನೆಯ) ಬಾಗಿಲಿಗೆ ಒಡಿಕತ್ತಿ ಹಿಡಿದು ಬಂದಿದ್ದನೋ, ಅದೇ ಬಾಗಿಲಲ್ಲಿ ಬಗ್ಗಿ ಒಳಗೆ ಬರಬೇಕು. ಹುಡುಗಿ ಹೊಸಿಲ ಒಳಗಿದ್ದಾಳೆ. ಸಂಬಂಧ ಕೊಡುವಾಗ ಅರುವನ (ಒಕ್ಕದ ಪರ ನಿಂತು ಮಾತಾಡುವವನ) ಸಾಕ್ಷಿಯಲ್ಲಿ ಸಣ್ಣ ಕಲ್ಲು ಕೈಗೆ ಕೊಟ್ಟು ಹಕ್ಕು ಕೊಡುತ್ತಾರಲ್ಲ, ಈ ಮದುವೆಯಲ್ಲಿ ಆ ಹಕ್ಕು ಬೇಡುವವನು ಗಂಡು, ಕೊಡುವುದು ಅವಳ ಒಕ್ಕ. ಒಕ್ಕದಲ್ಲಿ ಉಳಿದಿರುವುದು ಯಾರು? ತಾಯಿ, ಮಗಳು, ಇಬ್ಬರೇ. ಈಗ ಹೇಳಿ, ಯಾರ ಕೈ ಮೇಲೆ?

ರಾಜ ಯಾಕೆ ಹೀಗೆ ಮಾಡಬೇಕು ಅಂತ ಕೇಳಬೇಡಿ. ಜಮ್ಮ ಭೂಮಿ ಇದ್ದ ಮನೆಯಿಂದ ರಾಜನ ಸೇವೆಗೆ ಆಳು ಬರಬೇಕಿತ್ತು, ಅದಕ್ಕೇ ಕಂದಾಯ ಕಡಿಮೆ. ಆಳಿಲ್ಲದ ಮನೆಯ ಗದ್ದೆಯಿಂದ ರಾಜನಿಗೆ ಕೋವಿ ಹಿಡಿಯುವ ಕೈ ಸಿಗಲ್ಲ.

ಏಲಕ್ಕಿ
ತಾತ!!! ಈ ಕಥೆ ನೀವೇ ಬರೆದುಬಿಡಿ.

ಮೂರ್ನಾಡು ಮಾವ
ಅಣ್ಣಾ, ಒಂದು ಸಂದೇಹ. ಗದ್ದೆ ಬೇಕಿದ್ದರೆ ರಾಜ ತಾನೇ ತೆಗೆದುಕೊಳ್ಳುತ್ತಿದ್ದ. ಹಾಗೆ ಎಷ್ಟೋ ಭೂಮಿ ಅರಮನೆಯ ಪಣ್ಯಕ್ಕೆ (ರಾಜನ ಸ್ವಂತ ಜಮೀನಿಗೆ) ಸೇರಿದೆಯಲ್ಲ.

ಕೋವಿ ತಾತ
ಸೇರಿದೆ. ಎಲ್ಲವನ್ನೂ ಪಣ್ಯ ಮಾಡಿದರೆ ಯುದ್ಧಕ್ಕೆ ಯಾರನ್ನು ಕರೆಯುವುದು? ಜೊತೆಗೆ ಈ ಹುಡುಗ ಸ್ವಲ್ಪ ಜಾಸ್ತಿ ಬೆಳೆದಿದ್ದಾನೆ ಅಂತ ರಾಜನಿಗೆ ಅನ್ನಿಸಿರಬಹುದು. ಅವನ ಒಕ್ಕದಿಂದ ಅವನನ್ನು ಕಿತ್ತು ತಂದರೆ ಒಂದೇ ಏಟಿಗೆ ಎರಡೂ ಮನೆ ತಣ್ಣಗಾಗುತ್ತವೆ. ಅದು ಬರೆಯುವವಳ ಕೆಲಸ, ನನ್ನದಲ್ಲ.

ಕಕ್ಕಬ್ಬೆಯವಳು
ತಾತ, ತುಂಬ ಚೆನ್ನಾಗಿದೆ, ಆದರೆ ನನಗೆ ಒಂದು ಜಾಗದಲ್ಲಿ ಗಂಟಲು ಹಿಡಿಯಿತು. ಆ ಒಕ್ಕಕ್ಕೆ ಸೇರಿದ ಮೇಲೆ ಕಾರಣವರಿಗೆ (ಸತ್ತ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುವವರು ಯಾರು? ಆ ಮನೆಗೆ ಇರುವ ಒಬ್ಬನೇ ಗಂಡಸು ಅವನು. ತಾನು ಕೊಂದವರಿಗೆ ತಾನೇ ಎಡೆ ಇಡಬೇಕಾ? ಕೈಮಡದ (ಹಿರಿಯರ ಗುಡಿಯ) ಮುಂದೆ ನಿಂತು ಅವನು ಏನಂತ ಬೇಡಿಕೊಳ್ಳುತ್ತಾನೆ?

ಗದ್ದೆಬದು
ಅಕ್ಕಾ, ಮೈ ಜುಮ್ ಅಂತು. ಒಂದು ಇಡೀ ಕಂತು ಇದಕ್ಕೇ.

ಪುತ್ತರಿ ಪಟಾಕಿ
ನೋಡಿ, ಈಗ ನನಗೂ ಓದಬೇಕು ಅನ್ನಿಸುತ್ತಿದೆ. ಮೀದಿ ಸೀನಿನಲ್ಲಿ ಅವಳು ಅವನನ್ನು ತಡೆಯಬೇಕು. ಎಲೆ ಕಿತ್ತು ಬಿಸಾಡಬೇಕು.

ಸುಂಟಿಕೊಪ್ಪದ ಓದುಗ
ಬಿಸಾಡಿದರೆ ಸತ್ತವರಿಗೆ ಉಪವಾಸ. ಅವಳು ತಡೆಯಬಾರದು. ನಿಂತು ನೋಡಬೇಕು. ಹಂದಿ ಕರಿ ಸರಿಯಾಗಿ ಬೆಂದಿಲ್ಲ, ನನ್ನ ದೊಡ್ಡಣ್ಣನಿಗೆ ಹೀಗೆ ಇಷ್ಟ ಇರಲಿಲ್ಲ ಅಂತ ಹೇಳಿ ಮತ್ತೆ ಮಾಡಿಸಬೇಕು. ಪ್ರತಿ ಸಲ. ಒಬ್ಬೊಬ್ಬ ಅಣ್ಣನಿಗೆ ಏನು ಇಷ್ಟ ಅಂತ ಅವನಿಗೆ ಕಲಿಸಬೇಕು. ಕೊನೆಗೆ ಅವನಿಗೆ ಅವರೆಲ್ಲರ ಗುರುತು ಹತ್ತಬೇಕು. ಅದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ?

ಪುತ್ತರಿ ಪಟಾಕಿ
ಆಯ್ತು, ಇದು ನನ್ನದಕ್ಕಿಂತ ಮೇಲು.

ರಾತ್ರಿಪಾಳಿ
ಹಂದಿ ಕರಿ ಅಂದಿರಿ, ಹಸಿವಾಯ್ತು. ಅದಕ್ಕೆ ಹಾಕುವ ಹುಳಿ, ಕಾಚಂಪುಳಿ, ಎಲ್ಲಿ ಚೆನ್ನಾಗಿ ಸಿಗುತ್ತೆ? ಬೆಂಗಳೂರಲ್ಲಿ ತಂದದ್ದು ಬರೀ ನೀರು.

ಮೂರ್ನಾಡು ಮಾವ
ಅಂಗಡಿಯದ್ದು ಬಿಡಿ. ಊರಿಂದ ಬರುವವರ ಕೈಲಿ ತರಿಸಿ. ಕಪ್ಪಗೆ, ಗಟ್ಟಿಯಾಗಿ ಇರಬೇಕು. ಬಾಟಲಿ ಓರೆ ಮಾಡಿದರೆ ನಿಧಾನಕ್ಕೆ ಇಳಿಯಬೇಕು.

ಏಲಕ್ಕಿ
ವಿಷಯಕ್ಕೆ ಬನ್ನಿ. ಆ ಕಾಲದ ಕಥೆ ಅಂತ ಬರೆಯುವವರೆಲ್ಲ ಹೀರೋನನ್ನು ಕಾಫಿ ತೋಟದಲ್ಲಿ ಓಡಾಡಿಸುತ್ತಾರೆ. ಘಂ ಅನ್ನುವ ಕಾಫಿ ಹೂವು, ಸಿಲ್ವರ್ ಓಕ್ ಮರದ ಸಾಲು, ಅದರ ಕೆಳಗೆ ಮುತ್ತು. ಯುರೋಪಿಯನ್ನರು ಮಡಿಕೇರಿ ಹತ್ತಿರ ಮೊದಲ ತೋಟ ಶುರು ಮಾಡಿದ್ದು 1854ರಲ್ಲಿ, ರಾಜರ ಕಾಲ ಮುಗಿದ ಮೇಲೆ. ನಿಮ್ಮ ಜೋಡಿಗೆ ಗದ್ದೆ ಇದೆ, ಏಲಕ್ಕಿ ಮಲೆ ಇದೆ, ಕಾಡಿದೆ. ಹೆಸರಿಗೆ ಮರ್ಯಾದೆ ಕೊಟ್ಟು ಏಲಕ್ಕಿ ಮಲೆಯಲ್ಲೇ ಓಡಾಡಿಸಿ.

ಗದ್ದೆಬದು
ನನ್ನದರಲ್ಲಿ ಕಾಫಿ ಇಲ್ಲ, ಆಣೆ. ಗದ್ದೆ ಮಾತ್ರ. ಹೆಸರಲ್ಲೇ ಇದೆ.

ರಾತ್ರಿಪಾಳಿ
ನಿಜವಾಗಿ ನಡೆದದ್ದೇ ಬೇಕು ಅಂದರೆ ಗೌರಮ್ಮನ ಕಥೆ ನೋಡಿ. ಚಿಕ್ಕವೀರರಾಜನ ಮಗಳು, 1841ರಲ್ಲಿ ಕಾಶಿಯಲ್ಲಿ ಹುಟ್ಟಿದವಳು. 1852ರಲ್ಲಿ ಅಪ್ಪ ಅವಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ಅದೇ ವರ್ಷ ಕ್ರೈಸ್ತ ದೀಕ್ಷೆ. ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ತನ್ನ ಹೆಸರು ಕೊಟ್ಟಳು. ಆಮೇಲೆ ಪಂಜಾಬಿನ ದುಲೀಪ್ ಸಿಂಗ್ ಜೊತೆ ಜೋಡಿ ಮಾಡಲು ನೋಡಿದರು. ಅವನದ್ದೂ ರಾಜ್ಯ ಕಳೆದುಕೊಂಡ ಮನೆಯೇ. ಅವನು ಒಪ್ಪಲಿಲ್ಲ. ಕೊನೆಗೆ 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಅವನು ಸುಮಾರು ಮೂವತ್ತು ವರ್ಷ ದೊಡ್ಡವನು, ಮದ್ರಾಸ್ ಸೈನ್ಯದವನು. ಅಪ್ಪನ ರಾಜ್ಯ ಕಿತ್ತುಕೊಂಡ ಕಂಪನಿಯ ಅಧಿಕಾರಿಗೇ ಮಗಳು ಹೆಂಡತಿ! 1864ರಲ್ಲಿ, ಇಪ್ಪತ್ತೆರಡಕ್ಕೇ ತೀರಿಕೊಂಡಳು. ಹಗೆಯವರ ಮದುವೆ ಅಂದರೆ ಇದು.

ಸೋಮವಾರಪೇಟೆ ಟೀಚರ್
ಬಲವಂತದ ಮದುವೆ ಅನ್ನಲು ಆಗಲ್ಲ, ಯಾರೂ ಕತ್ತಿ ಹಿಡಿದಿರಲಿಲ್ಲ.

ಪುತ್ತರಿ ಪಟಾಕಿ
ಟೀಚರ್, ಹನ್ನೊಂದು ವರ್ಷದ ಹುಡುಗಿಯನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ, ಧರ್ಮ ಬದಲಿಸಿ, ಯಾರ್‍ಯಾರದೋ ಮನೆಯಲ್ಲಿ ಬೆಳೆಸಿದ ಮೇಲೆ ಕತ್ತಿ ಯಾಕೆ ಬೇಕು?

ಸೋಮವಾರಪೇಟೆ ಟೀಚರ್
ದೀಕ್ಷೆ ಕೊಡಿಸಲು ಒಪ್ಪಿದ್ದು ಅಪ್ಪನೇ. ಅವನಿಗೂ ಲೆಕ್ಕಾಚಾರ ಇತ್ತು, ಕಂಪನಿಯಿಂದ ಬರಬೇಕಾದ ಹಣದ ಕೇಸು ನಡೆಸಬೇಕಿತ್ತು. ಎಲ್ಲರೂ ಸೇರಿ ಮಾಡಿದ ಕೆಲಸ ಅದು. ನಿಮ್ಮ ಸಿಟ್ಟು ಸರಿ. ಆದರೆ ಆ ಹುಡುಗಿ ಬಗ್ಗೆ ಪ್ರೇಮಕಥೆ ಬೇಡ. ನಿಜವಾಗಿ ಬದುಕಿದ್ದವಳು, ಅವಳ ಬಾಯಿಗೆ ನಾವು ಮಾತು ತುರುಕುವುದು ನನಗೆ ಸರಿ ಕಾಣಲ್ಲ.

ರಾತ್ರಿಪಾಳಿ
ಅದಕ್ಕೇ ನಾನು ಬರೆಯುತ್ತಿಲ್ಲ, ಹೇಳಿದೆ ಅಷ್ಟೇ. ಕ್ಯಾಂಪ್‌ಬೆಲ್ ಯಾರು ಅಂತ ಮಾತ್ರ ಕೇಳಿ. ಅವಳನ್ನು ನೋಡಿಕೊಳ್ಳುತ್ತಿದ್ದ ಲೇಡಿ ಲಾಗಿನ್‌ಳ ಸ್ವಂತ ಅಣ್ಣ.

ಕಕ್ಕಬ್ಬೆಯವಳು
ಮದುವೆ ಸೀನಿಗೆ ನೀರ್ ಎಡ್‌ಪ ಬಿಡಬೇಡಿ. ನನ್ನ ಮದುವೆಯಲ್ಲಿ ಬಾವಿಯಿಂದ ನೀರು ಸೇದಿ ಬಿಂದಿಗೆ ತಲೆ ಮೇಲೆ ಇಟ್ಟುಕೊಂಡು ಹೊರಟೆ. ಮನೆ ಬಾಗಿಲು ಕಣ್ಣಳತೆಯಲ್ಲೇ ಇದೆ. ಮುಂದೆ ಗಂಡನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದೇ ಇಲ್ಲ. ಅವರು ಕುಣಿಯುವಷ್ಟು ಹೊತ್ತೂ ನಿಲ್ಲಬೇಕು. ಬಿಂದಿಗೆ ಅಲ್ಲಾಡಿ ನೀರು ಕುತ್ತಿಗೆ ಮೇಲಿಂದ ಕುಪ್ಪಸದ ಒಳಗೆ ಇಳಿಯುತ್ತಿತ್ತು. ಒರೆಸಲು ಕೈ ಇಳಿಸುವಂತಿಲ್ಲ. ಒಬ್ಬ ಮೈದುನ, ಹೊಟ್ಟೆ ತುಂಬ ಹಾಕಿಕೊಂಡವನು, ನನ್ನ ಮುಖದ ಹತ್ತಿರಕ್ಕೇ ಬಂದು ಕುಣಿಯುತ್ತಿದ್ದ. ಆವತ್ತು ಅವನನ್ನು ಬಾವಿಗೆ ತಳ್ಳಬೇಕು ಅನ್ನಿಸಿತ್ತು. ಈಗ ನಾವಿಬ್ಬರೂ ಒಳ್ಳೆ ಸ್ನೇಹಿತರು.

ಎಲ್ಲರೂ ಖುಷಿಯಾಗಿದ್ದ ಮದುವೆಯಲ್ಲೇ ಹೀಗೆ. ಹಗೆ ಮನೆಯವರು ಬೇಕಂತಲೇ ಕುಣಿದರೆ?

ಸುಂಟಿಕೊಪ್ಪದ ಓದುಗ
ಒಕ್ಕಪರಿಜೆ ಆದರೆ ಅವಳು ಗಂಡನ ಮನೆಗೇ ಹೋಗಲ್ಲವಲ್ಲ. ನೀರು ಯಾರು ತರುವುದು?

ಏಲಕ್ಕಿ
ಅವನೇ ತರಲಿ. ಬಿಂದಿಗೆ ಅವನ ತಲೆ ಮೇಲೆ.

ಕೋವಿ ತಾತ
ತಮಾಷೆ ಸಾಕು. ಹಾಗೆಲ್ಲ ಇಲ್ಲ. ನೀರು ಅವಳೇ ತರಲಿ, ಅವಳದೇ ಬಾವಿಯಿಂದ. ಯೋಚಿಸಬೇಕಾದದ್ದು ಬಾಳೆ ಕಡಿಯುವುದು. ಎರಡೂ ಕಡೆಯವರು ಒಡಿಕತ್ತಿಯಲ್ಲಿ ನೆಟ್ಟ ಬಾಳೆ ಕಡಿಯಬೇಕು. ಹುಡುಗಿ ಕಡೆ ಕಡಿಯಲು ಗಂಡಸರೆಲ್ಲಿ? ತಾಯಿಯ ತವರಿನಿಂದ ಸೋದರಮಾವ ಬರಬೇಕು. ಆ ಮಾವ ಕತ್ತಿ ಎತ್ತಿದಾಗ ಎದುರಿಗೆ ಬಾಳೆ ಇದೆ, ಎರಡು ಹೆಜ್ಜೆ ಆಚೆ ಹುಡುಗ ನಿಂತಿದ್ದಾನೆ. ವಾಲಗದವರೂ ಒಂದು ಸಲ ನಿಲ್ಲಿಸುತ್ತಾರೆ. ಇಷ್ಟು ಸಾಕು, ಬೇರೆ ಹೊಡೆದಾಟ ಬೇಡ.

ಗದ್ದೆಬದು
ತಾತ, ಬಾಳೆ ಕಡಿಯುವ ಸೀನ್ ಹಾಗೇ ಹಾಕುತ್ತೇನೆ. ಎಲ್ಲ ಸರಿ, ಆದರೆ ಪ್ರೀತಿ? ನನ್ನ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಹಾರಂಗಿ
ನಾನು ಕೊಡುತ್ತೇನೆ. ಕಥೆಯನ್ನು 1833ರಲ್ಲಿ ಶುರು ಮಾಡಿ. ಮದುವೆ, ಮೀದಿ, ಮಳೆಗಾಲ, ಮಾತಿಲ್ಲದ ಮನೆ, ಎಲ್ಲ ಆ ವರ್ಷ. 1834ರ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ನಾಲ್ಕು ದಿಕ್ಕಿನಿಂದ ಬಂತು. ಉತ್ತರದ ಕಡೆ ಬಂದ ತುಕಡಿಗೆ ಕೊಡವರು ಸರಿಯಾಗಿ ಹೊಡೆದು ಹಿಂದೆ ಅಟ್ಟಿದರು. ಆದರೆ ಬೇರೆ ಕಡೆಯಿಂದ ಬಂದವರು ಮಡಿಕೇರಿ ಹಿಡಿದರು, ನಾಲ್ಕುನಾಡಿನಲ್ಲಿದ್ದ ರಾಜ ಕೆಲವೇ ದಿನಗಳಲ್ಲಿ ಶರಣಾದ. ಮೇ 7ಕ್ಕೆ ಕೊಡಗು ಕಂಪನಿಯ ಕೈಗೆ. ಆಗ ಕಂಪನಿ ಪರ ಬಂದಿದ್ದ ಅಧಿಕಾರಿ ಕರ್ನಲ್ ಫ್ರೇಸರನ ಹೆಸರನ್ನೇ ಕುಶಾಲನಗರಕ್ಕೆ ಇಟ್ಟು ಫ್ರೇಸರ್‌ಪೇಟೆ ಅಂತ ಎಷ್ಟು ವರ್ಷ ಕರೆದರು!

ಅಂದರೆ ಮದುವೆ ಮಾಡಿಸಿದ ರಾಜ ಹೋದ. ಅಪ್ಪಣೆ ಹೋಯಿತು. ತಲೆ ಹೋಗುವ ಭಯ ಹೋಯಿತು. ಈಗ ಅವನು ತನ್ನ ಹಳೇ ಒಕ್ಕಕ್ಕೆ ವಾಪಸ್ ಹೋಗಬಹುದು. ಅವಳು ಬಾಗಿಲು ಹಾಕಿಕೊಳ್ಳಬಹುದು. ಪುತ್ತರಿ ಪಟಾಕಿ ಕೇಳಿದ "ಬೇಡ ಅನ್ನುವ ದಾರಿ" ಆ ದಿನ ತೆರೆಯುತ್ತದೆ. ಅಲ್ಲಿವರೆಗೆ ಒಂದೇ ಒಂದು ಮುತ್ತು ಬೇಡ. ಅಲ್ಲಿಂದ ಮುಂದೆ ಏನಾದರೂ ಆದರೆ ಅದು ಅವರದ್ದು.

ಪುತ್ತರಿ ಪಟಾಕಿ
ಹಾರಂಗಿ ಅವರೇ, ನಿಮಗೆ ಶರಣು. ಆದರೆ ಅವಳು ಬಾಗಿಲು ಹಾಕಿಕೊಳ್ಳಬೇಕು ಅನ್ನುವುದೇ ಈಗಲೂ ನನ್ನ ಆಸೆ. ಒಂದು ವರ್ಷವಾದರೂ ಅವನು ಹೊರಗಿರಲಿ.

ರಾತ್ರಿಪಾಳಿ
ಒಂದು ವರ್ಷ ಹೊರಗಿಟ್ಟರೆ ಆ್ಯಪ್‌ನವರು ಧಾರಾವಾಹಿ ನಿಲ್ಲಿಸುತ್ತಾರೆ.

ಮೂರ್ನಾಡು ಮಾವ
ಹೊರಗೆ ಅಂದರೆ ಎಲ್ಲಿ? ಹಳೇ ಒಕ್ಕದವರು ಸೇರಿಸಿಕೊಳ್ಳಬೇಕಲ್ಲ. ಹೆಸರು ಬಿಟ್ಟು ಹೋದವನು. ಅವನಿಗೆ ಎರಡು ಮನೆಯೂ ಇಲ್ಲ.

ಸೋಮವಾರಪೇಟೆ ಟೀಚರ್
ಮಾವ, ಇವತ್ತು ನೀವು ಹೇಳಿದ್ದರಲ್ಲಿ ಇದೊಂದು ಚಿನ್ನ. 1837ಕ್ಕೆ ಎಳೆಯಬಹುದು ಗದ್ದೆಬದು. ಕಲ್ಯಾಣಪ್ಪನ ದಂಗೆ, ಸುಳ್ಯದ ಕಡೆಯ ಗೌಡರು ಕಂಪನಿ ಮೇಲೆ ಎದ್ದ ವರ್ಷ. ಕೊಡಗಿನಲ್ಲೂ ಕೆಲವರು ದಂಗೆ ಕಡೆ, ಕೆಲವರು ಕಂಪನಿ ಕಡೆ. ಮನೆಯಿಲ್ಲದ ಒಬ್ಬ ಗಂಡಸು ಯಾವ ಕಡೆ ಹೋಗುತ್ತಾನೆ? ಅವಳ ಮಾವಂದಿರು ಯಾವ ಕಡೆ?

ಗದ್ದೆಬದು
ಅಯ್ಯೋ, ಇದು ಎರಡನೇ ಭಾಗಕ್ಕೇ ಆಯಿತು. ಸದ್ಯಕ್ಕೆ ಹೀಗೆ ಮಾಡುತ್ತೇನೆ: 1833ರ ಕೊನೆ, ಒಕ್ಕಪರಿಜೆ, ತಾಯಿಯ ಕೈಯಲ್ಲಿ ಪತ್ತಾಕ್, ಬಾಳೆ ಕಡಿಯುವ ಸೋದರಮಾವ, ಮೀದಿ. ಏಪ್ರಿಲ್‌ನಲ್ಲಿ ರಾಜನ ಜೊತೆ ಅವನೂ ನಾಲ್ಕುನಾಡು ಅರಮನೆಗೆ ಕಾವಲಿಗೆ ಹೋಗಿರುತ್ತಾನೆ. ರಾತ್ರಿ ಕಾಡಿನಲ್ಲಿ ಮಳೆ ಸುರಿಯುತ್ತಿದೆ, ಕಾಲಿನ ತುಂಬ ಜಿಗಣೆ, ಅವಳಿಂದ ಸುದ್ದಿ ಬರುತ್ತದೆ.

ಕಕ್ಕಬ್ಬೆಯವಳು
ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಕಡೆ ಎಲ್ಲಿಯ ಜಿಗಣೆ? ಎಲೆ ಒಣಗಿ ಚರಚರ ಅನ್ನುತ್ತಿರುತ್ತೆ. ಬಂದರೆ ಗುಡುಗಿನ ಜೊತೆ ಒಂದು ಮಳೆ ಬಂದು ಹೋಗಬಹುದು, ಅಷ್ಟೇ. ಜಿಗಣೆ ಬೇಕೇ ಬೇಕು ಅಂದರೆ ಅವನನ್ನು ಜೂನ್‌ವರೆಗೆ ಕಾಡಲ್ಲೇ ಬಿಡಿ.

ಪುತ್ತರಿ ಪಟಾಕಿ
ಬಿಡಿ ಬಿಡಿ, ಜೂನ್‌ವರೆಗೆ ಇರಲಿ.